ಎರಡು ಮೋಟಾರುಗಳ ಚರಿತ್ರೆ

ನಮ್ಮ ಬೆಳುಂಕಿಯಂತಹ ಹಳ್ಳಿಯಲ್ಲಿ ಹೊಸದೊಂದು ಮೋಟಾರು ಬಂದು ನಿಂತಿತೆಂದರೆ ಹುಡುಗರು ಅದನ್ನು ಸುತ್ತುವರಿಯುವುದು ವಾಡಿಕೆ. ಒಬ್ಬನು ಅದರ ಹೆಸರನ್ನು ಕೇಳುತ್ತಾನೆ. ಇನ್ನೊಬ್ಬನು ವೇಗವನ್ನು ಕೇಳುತ್ತಾನೆ. ಮತ್ತೊಬ್ಬನು ಬೆಲೆಯನ್ನು ಕೇಳಿ ಮೂಗಿನ ಮೇಲೆ ಬೆರಳಿಟ್ಟುಕೊಳ್ಳುತ್ತಾನೆ. ಆದರೆ ‘ಇದನ್ನು ಯಾರು ಮಾಡಿದರು? ಹೇಗೆ ಮಾಡಿದರು? ನಮ್ಮಿಂದ ಇದು ಆದೀತೇ?’ ಎಂದು ಕೇಳುವವರು ವಿರಳ. ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವ ಸಲುವಾಗಿ ಎರಡು ಮೋಟಾರುಗಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲು ಯತ್ನಿಸಿದೆ. ಒಂದು, ಇಂಗ್ಲೆಂಡಿನಲ್ಲಿ ಹುಟ್ಟಿ ಜಗತ್ತಿನ ಕಣ್ಣನ್ನು ಸೆಳೆದ ಜಾಗ್ವಾರ್ ಇ-ಟೈಪ್. ಇನ್ನೊಂದು, ನಮ್ಮ ಹಿರಿಯರನ್ನು ಮದುವೆಗೂ ಆಸ್ಪತ್ರೆಗೂ ಕರೆದೊಯ್ದ ಪದ್ಮಿನಿ. ರೂಪದಲ್ಲಾಗಲಿ ವೇಗದಲ್ಲಾಗಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲ. ಆದರೂ ಇವುಗಳ ಚರಿತ್ರೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಾವು ಕಲಿಯಬೇಕಾದ ಪಾಠವೊಂದು ತಾನಾಗಿಯೇ ತೋರಿಬರುತ್ತದೆ.

ಎತ್ತುಗಳಲ್ಲಿರುವಂತೆ ಮೋಟಾರುಗಳಲ್ಲಿಯೂ ಬೇರೆ ಬೇರೆ ಬಗೆಗಳುಂಟು. ಶರ್ಯತ್ತಿನಲ್ಲಿ ಓಡುವ ಎತ್ತು ಬೇರೆ, ನೇಗಿಲಿಗೆ ಹೂಡುವ ಎತ್ತು ಬೇರೆ. ಅದರಂತೆ ಪಂದ್ಯದ ಮೋಟಾರಿನಲ್ಲಿ ವೇಗವೇ ಸರ್ವಸ್ವ. ಗಂಟು ಮೂಟೆಗಳಿಗೆ ಅಲ್ಲಿ ಸ್ಥಳವಿಲ್ಲ, ಕುಳಿತವನಿಗೆ ಸುಖವೂ ಇಲ್ಲ. ಸಂಸಾರದ ಮೋಟಾರಿನಲ್ಲಿ ಸ್ಥಳವುಂಟು, ವೇಗವು ಸಾಧಾರಣ. ಇವೆರಡರ ನಡುವೆ ಮೂರನೆಯದೊಂದು ಬಗೆಯುಂಟು. ಇಬ್ಬರೋ ಮೂವರೋ ತಮ್ಮ ಸಾಮಾನುಗಳೊಡನೆ ಕುಳಿತು, ದಣಿವಿಲ್ಲದೆ, ಅತಿ ವೇಗದಿಂದ, ನೂರಾರು ಮೈಲಿಗಳ ದಾರಿಯನ್ನು ಒಂದೇ ದಿನದಲ್ಲಿ ಕ್ರಮಿಸುವಂತಹ ಗಾಡಿ ಅದು. ಇದಕ್ಕೆ ‘ಗ್ರ್ಯಾಂಡ್ ಟೂರಿಂಗ್’ ಗಾಡಿಯೆಂದು ಹೆಸರು. ಮೂಲದಲ್ಲಿ ಇದು ಇಟಲಿಯವರ ‘ಗ್ರಾನ್ ಟುರಿಸ್ಮೊ’ ಎಂಬ ಮಾತು. ಮಹಾ ಪ್ರವಾಸವೆಂಬುದು ಅದರ ಅರ್ಥ. ಈ ಬಗೆಯ ಗಾಡಿಗಳಲ್ಲಿ ಇ-ಟೈಪಿನ ಹೆಸರು ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ.

ಇ-ಟೈಪನ್ನು ಮಾಡಿದ ಜಾಗ್ವಾರ್ ಕಂಪನಿಯ ಮೂಲಪುರುಷನು ವಿಲಿಯಂ ಲಾಯನ್ಸ್. ಈತನು ೧೯೨೨ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಎಂಬ ಊರಲ್ಲಿ ವಿಲಿಯಂ ವಾಮ್‌ಸ್ಲಿ ಎಂಬ ಗೆಳೆಯನೊಡನೆ ಉದ್ಯೋಗವನ್ನು ಆರಂಭಿಸಿದನು. ಆಗ ಅವರು ಮಾಡುತ್ತಿದ್ದುದು ಮೋಟಾರು ಕಾರುಗಳನ್ನಲ್ಲ. ಮೋಟಾರು ಸೈಕಲ್ಲಿನ ಮಗ್ಗುಲಿಗೆ ಜೋಡಿಸುವ, ಒಬ್ಬನು ಕುಳಿತುಕೊಳ್ಳಬಹುದಾದ ತೊಟ್ಟಿಗಳನ್ನು. ಮುಂದೆ ಅನ್ಯರ ಕಾರುಗಳಿಗೆ ಅಂದವಾದ ಮೈಗಳನ್ನು ಕಟ್ಟಿದರು. ೧೯೨೮ರಲ್ಲಿ ಕವೆಂಟ್ರಿ ನಗರಕ್ಕೆ ಬಂದು ನೆಲೆಸಿದರು. ಆ ಬಳಿಕ ತಮ್ಮದೇ ಕಾರುಗಳನ್ನು ಮಾಡತೊಡಗಿದರು. ೧೯೩೫ರಲ್ಲಿ ಒಂದು ಕಾರಿಗೆ ‘ಜಾಗ್ವಾರ್’ ಎಂದು ಹೆಸರಿಟ್ಟರು. ದಕ್ಷಿಣ ಅಮೇರಿಕೆಯ ಕಾಡುಗಳಲ್ಲಿರುವ, ಚಿರತೆಯನ್ನು ಹೋಲುವ ಒಂದು ಮೃಗದ ಹೆಸರದು. ೧೯೪೫ರಲ್ಲಿ ಕಂಪನಿಗೂ ಅದೇ ಹೆಸರಾಯಿತು. ತೊಟ್ಟಿಯಿಂದ ಮೈಗೆ, ಮೈಯಿಂದ ಇಡಿಯ ಗಾಡಿಗೆ, ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿದ ಉದ್ಯೋಗವಿದು ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕವೆಂಟ್ರಿಯ ಮೇಲೆ ಜರ್ಮನರು ಬಾಂಬುಗಳ ಮಳೆಗರೆದರು. ೧೯೪೦ರ ನವೆಂಬರ್ ೧೪ರ ರಾತ್ರಿ ಆ ನಗರದ ಬಹುಭಾಗವು ಸುಟ್ಟುಹೋಯಿತು. ಕಾರ್ಖಾನೆಗಳಿಗೆ ಬೆಂಕಿ ತಗುಲದಂತೆ ರಾತ್ರಿಯೆಲ್ಲ ಕಾವಲು ಕಾಯಬೇಕಾಗಿತ್ತು. ಲಾಯನ್ಸನೂ ಅವನ ಇಂಜಿನಿಯರುಗಳಾದ ವಿಲಿಯಂ ಹೇನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಲಿ ಎಂಬವರೂ ಈ ಕಾವಲಿನ ಹೊತ್ತನ್ನು ವ್ಯರ್ಥವಾಗಿ ಕಳೆಯಲಿಲ್ಲ. ಯುದ್ಧವು ಮುಗಿದ ಮೇಲೆ ತಾವು ಮಾಡಬೇಕಾದ ಇಂಜಿನು ಹೇಗಿರಬೇಕೆಂದು ಆಗಲೇ ಚರ್ಚಿಸುತ್ತಿದ್ದರು. ಅದರ ಫಲವೇ ೧೯೪೮ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ‘ಎಕ್ಸ್‌ಕೆ’ ಇಂಜಿನು.

ಈ ಇಂಜಿನಿನ ವೈಶಿಷ್ಟ್ಯವನ್ನು ಸುಲಭವಾಗಿ ಹೀಗೆ ತಿಳಿಯಬಹುದು. ಇಂಜಿನಿನ ಪ್ರತಿಯೊಂದು ಸಿಲಿಂಡರಿಗೂ ಎರಡು ಬಗೆಯ ಬಾಯಿಗಳಿರುತ್ತವೆ. ಒಂದರಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒಳಗೆ ಬರುತ್ತದೆ. ಇನ್ನೊಂದರಿಂದ ಸುಟ್ಟ ಹೊಗೆಯು ಹೊರಗೆ ಹೋಗುತ್ತದೆ. ಈ ಬಾಯಿಗಳ ಮುಚ್ಚಳಗಳಿಗೆ ವಾಲ್ವುಗಳೆಂದು ಹೆಸರು. ಅಂದಿನ ಸಾಮಾನ್ಯ ಇಂಜಿನುಗಳಲ್ಲಿ ಇವನ್ನು ಕೆಳಗಿನಿಂದ ಉದ್ದನೆಯ ಸಲಾಕೆಗಳ ಮೂಲಕ ತೆರೆಯುತ್ತಿದ್ದರು. ವೇಗವು ಹೆಚ್ಚಿದಂತೆ ಈ ಸಲಾಕೆಗಳ ಭಾರದಿಂದ ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಲಾರವು. ಎಕ್ಸ್‌ಕೆ ಇಂಜಿನಿನಲ್ಲಾದರೋ ವಾಲ್ವುಗಳ ನೇರ ಮೇಲ್ಗಡೆಯೇ ತಿರುಗುವ ಎರಡು ದಂಡಗಳನ್ನಿಟ್ಟರು. ನಡುವಿನ ಸಲಾಕೆಗಳು ತಪ್ಪಿದುದರಿಂದ ಇಂಜಿನು ಹೆಚ್ಚಿನ ವೇಗದಲ್ಲಿಯೂ ಸರಾಗವಾಗಿ ಉಸಿರಾಡಬಲ್ಲದಾಯಿತು. ಸಾವಿರಾರು ಗಾಡಿಗಳಿಗೆ ಇಂತಹ ಇಂಜಿನನ್ನು ಅಳವಡಿಸಿದುದು ಆ ಕಾಲಕ್ಕೆ ದೊಡ್ಡ ಸಾಹಸವೇ ಸರಿ. ಒಮ್ಮೆ ಚೆನ್ನಾಗಿ ಯೋಚಿಸಿ ಮಾಡಿದ ಈ ಇಂಜಿನು ಕಾಲಕಾಲಕ್ಕೆ ತಿದ್ದುಪಡಿಗಳನ್ನು ಹೊಂದುತ್ತ ೧೯೯೨ರವರೆಗೆ ಬಳಕೆಯಲ್ಲಿ ಉಳಿಯಿತು.

ಇಂಜಿನು ಸಿದ್ಧವಾದ ಮೇಲೆ ಅದನ್ನು ಕಠಿಣವಾದ ಪರೀಕ್ಷೆಗೆ ಒಡ್ಡಿದರು. ಫ್ರಾನ್ಸಿನ ಲ ಮಾನ್ ಎಂಬಲ್ಲಿ ಇಪ್ಪತ್ತನಾಲ್ಕು ತಾಸುಗಳ ಕಾಲ ಎಡೆಬಿಡದೆ ನಡೆಯುವ ಪಂದ್ಯವುಂಟು. ಜಾಗ್ವಾರ್ ಗಾಡಿಗಳು ಅದನ್ನು ೧೯೫೧, ೧೯೫೩, ೧೯೫೫, ೧೯೫೬ ಮತ್ತು ೧೯೫೭ರಲ್ಲಿ ಗೆದ್ದವು. ೧೯೫೩ರ ಗೆಲುವಿಗೆ ಡಿಸ್ಕ್ ಬ್ರೇಕುಗಳು ಬಹಳ ಸಹಾಯಕವಾದವು. ಸೈಕಲ್ಲಿನ ಗಾಲಿಯ ಅಂಚನ್ನು ಎರಡು ರಬ್ಬರಿನ ತುಂಡುಗಳು ಎರಡೂ ಕಡೆಯಿಂದ ಅದುಮಿ ಹಿಡಿಯುವುದನ್ನು ನೀವು ಕಂಡಿದ್ದೀರಿ. ಇದೂ ಹಾಗೆಯೇ; ಗಾಲಿಯೊಡನೆ ತಿರುಗುವ ಲೋಹದ ಬಿಲ್ಲೆಯನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವುದು. ಬಿಲ್ಲೆಯು ಬಯಲಿಗೆ ತೆರೆದಿರುವುದರಿಂದ ಬೇಗ ತಣ್ಣಗಾಗುತ್ತದೆ. ಬ್ರೇಕಿನ ಬಲವು ಕುಂದುವುದಿಲ್ಲ.

ಈ ಪಂದ್ಯದ ಗಾಡಿಗಳಿಗೆ ಆಕಾರವನ್ನು ಕೊಟ್ಟವನು ಮಾಲ್ಕಮ್ ಸೇಯರ್. ಅವನು ಮೊದಲು ವಿಮಾನದ ಕಾರ್ಖಾನೆಯಲ್ಲಿದ್ದವನು. ಗಾಳಿಯನ್ನು ಸೀಳಿಕೊಂಡು ಹೋಗಲು ಮೈಯ ಬಾಗು ಎಷ್ಟಿರಬೇಕೆಂಬುದನ್ನು ಅವನು ಕೇವಲ ಕಣ್ಣಳತೆಯಿಂದ ನಿರ್ಧರಿಸದೆ ಗಣಿತದಿಂದ ಲೆಕ್ಕ ಹಾಕುತ್ತಿದ್ದನು. ಗಣಿತವು ಪರೀಕ್ಷೆಯ ದಿನಕ್ಕೆ ಮಾತ್ರ ಬೇಕಾದ ವಿಷಯವೆಂದು ತಿಳಿದಿರುವ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡಬೇಕು.

ಪಂದ್ಯಗಳಲ್ಲಿ ಕಲಿತ ಈ ಎಲ್ಲ ವಿದ್ಯೆಯನ್ನೂ ದಾರಿಯ ಮೇಲಿನ ಗಾಡಿಗೆ ಇಳಿಸಿ, ೧೯೬೧ರ ಮಾರ್ಚ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಪ್ರದರ್ಶನದಲ್ಲಿ ಇ-ಟೈಪನ್ನು ಜನರ ಮುಂದಿಟ್ಟರು. ನೋಡಲು, ಏರಿ ಕುಳಿತು ಪರೀಕ್ಷಿಸಲು ಜನರ ನೂಕುನುಗ್ಗಲಾಯಿತು. ಒಂದು ಗಾಡಿ ಸಾಲದೆ ಇನ್ನೊಂದು ಬೇಕೆಂದು ಲಾಯನ್ಸನು ಹೇಳಿಕಳುಹಿಸಲು, ಕಂಪನಿಯ ಪರೀಕ್ಷಕ ಚಾಲಕನಾದ ನಾರ್ಮನ್ ಡೂಯಿಸ್ ಎಂಬವನು ಕವೆಂಟ್ರಿಯಿಂದ ಹೊರಟು ರಾತ್ರಿಯೆಲ್ಲ ಗಾಡಿಯನ್ನು ನಡೆಸಿ ಬೆಳಗಿನ ಪ್ರದರ್ಶನದ ವೇಳೆಗೆ ಜಿನೀವಾವನ್ನು ಮುಟ್ಟಿಸಿದನು. ಮಹಾ ಪ್ರವಾಸದ ಗಾಡಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಮತ್ತಾವುದಿರಬಲ್ಲದು?

ಇ-ಟೈಪಿನಲ್ಲಿ ೩.೮ ಲೀಟರಿನ ಆರು ಸಿಲಿಂಡರುಗಳ ಎಕ್ಸ್‌ಕೆ ಇಂಜಿನಿದ್ದಿತು. ಅದರ ಬಲವು ೨೬೫ ಅಶ್ವಶಕ್ತಿ. ವೇಗವು ತಾಸಿಗೆ ೧೫೦ ಮೈಲಿ, ಎಂದರೆ ಸುಮಾರು ೨೪೦ ಕಿಲೋಮೀಟರು ಎಂದು ಕಂಪನಿಯು ಸಾರಿತು. ಅದೇ ತರಗತಿಯ ಬೇರೆ ಬ್ರಿಟಿಷ್ ಗಾಡಿಗಳಿಗೆ ಹೋಲಿಸಿದರೆ ಅದರ ಬೆಲೆಯು ಸುಮಾರು ಅರ್ಧದಷ್ಟಿತ್ತು. ಅದರ ರಚನೆಯಲ್ಲಿ ಎರಡು ಸಂಗತಿಗಳು ವಿಶೇಷವಾಗಿದ್ದವು. ಚಕ್ಕಡಿಯಲ್ಲಿ ಭಾರವನ್ನು ಹೊರುವುದು ಕೆಳಗಿನ ತೊಲೆಗಳ ಚೌಕಟ್ಟು. ಮೇಲಿನ ಹಲಗೆಗಳು ಬರಿಯ ಹೊದಿಕೆ. ಮಣ್ಣಿನ ಗಡಿಗೆಗೆ ಅಂತಹ ಚೌಕಟ್ಟಿಲ್ಲ. ಅದರ ಗೋಡೆಯೇ ನೀರಿನ ಭಾರವನ್ನೆಲ್ಲ ತಾಳುತ್ತದೆ. ಇ-ಟೈಪಿನ ನಡುಮೈಯನ್ನು ಗಡಿಗೆಯಂತೆ ತೆಳುವಾದ ಉಕ್ಕಿನ ತಗಡಿನಿಂದಲೇ ಕಟ್ಟಿ, ಮುಂದೆ ಇಂಜಿನಿಗಾಗಿ ಕೊಳವೆಗಳ ಚೌಕಟ್ಟನ್ನು ಜೋಡಿಸಿದ್ದರು. ಆದುದರಿಂದ ಗಾಡಿಯು ಹಗುರವಾಗಿಯೂ ಗಟ್ಟಿಯಾಗಿಯೂ ಇತ್ತು. ಎರಡನೆಯದು ಹಿಂದಿನ ಗಾಲಿಗಳ ಜೋಡಣೆ. ಚಕ್ಕಡಿಯ ಒಂದು ಗಾಲಿಯು ಕುಣಿಯಲ್ಲಿ ಇಳಿದರೆ ಎರಡು ಗಾಲಿಗಳಿಗೂ ಒಂದೇ ಅಚ್ಚು ಇರುವುದರಿಂದ ಇಡಿಯ ಬಂಡಿಯೇ ವಾಲುತ್ತದೆ. ಇ-ಟೈಪಿನಲ್ಲಿ ಪ್ರತಿಯೊಂದು ಗಾಲಿಯೂ ತನ್ನಷ್ಟಕ್ಕೆ ತಾನು ಏರಿಳಿಯುವಂತೆ ಏರ್ಪಡಿಸಿದ್ದರಿಂದ ಒಂದರ ತೊಂದರೆಯು ಇನ್ನೊಂದಕ್ಕೆ ತಗುಲುತ್ತಿರಲಿಲ್ಲ.

ಆದರೆ ಈ ಗಾಡಿಯು ದೋಷರಹಿತವಾಗಿತ್ತೆಂದು ಭಾವಿಸಬಾರದು. ಮೊದಲಿನ ಗಾಡಿಗಳ ಗೇರು ಬಿಗುವಾಗಿತ್ತು, ಆಸನಗಳು ದೀರ್ಘ ಪ್ರಯಾಣಕ್ಕೆ ಒಗ್ಗುತ್ತಿರಲಿಲ್ಲ, ದೀಪಗಳ ಬೆಳಕು ಸಾಲದಾಗಿತ್ತು. ಕೊಂಡವರು ದೂರಿದರು, ಕಂಪನಿಯು ತಿದ್ದಿತು. ೧೯೬೪ರಲ್ಲಿ ೪.೨ ಲೀಟರಿನ ಇಂಜಿನೂ ಹೊಸ ಗೇರೂ ಉತ್ತಮವಾದ ಆಸನಗಳೂ ಬಂದವು. ೧೯೬೬ರಲ್ಲಿ ಹಿಂದೆ ಮಕ್ಕಳು ಕುಳಿತುಕೊಳ್ಳುವಷ್ಟು ಸ್ಥಳವಿರುವ ಗಾಡಿಯು ಬಂದಿತು. ೧೯೬೮ರಲ್ಲಿ ಅಮೇರಿಕೆಯ ಸುರಕ್ಷತೆಯ ಕಾಯಿದೆಗಳಿಗೆ ಅನುಗುಣವಾಗಿ ದೀಪಗಳನ್ನೂ ಇತರ ಭಾಗಗಳನ್ನೂ ಬದಲಿಸಿದರು. ೧೯೭೧ರಲ್ಲಿ ಹನ್ನೆರಡು ಸಿಲಿಂಡರುಗಳ ಇಂಜಿನನ್ನಿಟ್ಟರು. ೧೯೭೩ರಲ್ಲಿ ಪೆಟ್ರೋಲಿನ ಬೆಲೆಯು ಜಗತ್ತಿನಲ್ಲೆಲ್ಲ ಹಠಾತ್ತನೆ ಏರಿತು. ಕಾಯಿದೆಗಳೂ ಬಿಗಿಯಾಗುತ್ತ ನಡೆದವು. ೧೯೭೪ರಲ್ಲಿ ಇ-ಟೈಪಿನ ನಿರ್ಮಾಣವು ನಿಂತಿತು. ಹದಿಮೂರು ವರ್ಷಗಳಲ್ಲಿ ೭೨,೦೦೦ಕ್ಕೂ ಮಿಕ್ಕಿ ಗಾಡಿಗಳು ಹೊರಬಂದಿದ್ದವು. ಅವುಗಳಲ್ಲಿ ಹೆಚ್ಚಿನವು ಪರದೇಶಗಳಿಗೆ, ಮುಖ್ಯವಾಗಿ ಅಮೇರಿಕೆಗೆ ಹೋದವು.

ಈಗ ನಮ್ಮ ಕಡೆಗೆ ತಿರುಗೋಣ. ಕವೆಂಟ್ರಿಯ ಇಂಜಿನಿಯರುಗಳು ಕಾವಲಿನ ರಾತ್ರಿಗಳಲ್ಲಿ ಇಂಜಿನಿನ ಕನಸನ್ನು ಕಾಣುತ್ತಿದ್ದಾಗ ನಮ್ಮ ದೇಶದಲ್ಲಿ ಅಂತಹ ಕನಸನ್ನು ಕಾಣುವವರೇ ಇರಲಿಲ್ಲವೇ? ಇದ್ದರು. ಅವರಲ್ಲಿ ಒಬ್ಬರು ಕನ್ನಡಿಗರು. ಇನ್ನೊಬ್ಬರು ನಮ್ಮ ನೆರೆಯ ಸೊಲ್ಲಾಪುರದವರು.

ಮೈಸೂರಿನ ದಿವಾನರಾಗಿ ಹೆಸರಾಂತ ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ೧೯೩೫ರಲ್ಲಿ, ಯುರೋಪು ಅಮೇರಿಕೆಗಳನ್ನು ಸುತ್ತಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ಕಂಡುಬಂದರು. ಭಾರತದಲ್ಲಿಯೂ ಅಂತಹುದೊಂದು ಕಾರ್ಖಾನೆಯನ್ನು ಸ್ಥಾಪಿಸಲು ಯೋಜನೆಯನ್ನು ಸಿದ್ಧಪಡಿಸಿದರು. ಈ ಯೋಜನೆಯನ್ನು ಕೈಗೆತ್ತಿಕೊಂಡವರು ವಾಲಚಂದ ಹಿರಾಚಂದರು. ೧೮೮೨ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಇವರು ರೈಲು ಮಾರ್ಗದ ಗುತ್ತಿಗೆಗಳಿಂದ ಮೇಲೆ ಬಂದು, ೧೯೧೯ರಲ್ಲಿ ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು. ಮೋಟಾರು ಕಾರ್ಖಾನೆಯ ಸಲುವಾಗಿ ಅವರು ೧೯೩೯ರಲ್ಲಿ ಅಮೇರಿಕೆಗೆ ಹೋದರು. ಮುಂದೆ ಅಲ್ಲಿಯ ಕ್ರೈಸ್ಲರ್ ಕಂಪನಿಯ ಸಹಕಾರವನ್ನು ದೊರಕಿಸಿದರು. ಕೈಗೂಡಿಸಲು ಮೈಸೂರು ಸಂಸ್ಥಾನವು ಮುಂದೆ ಬಂದಿತು. ಆದರೆ ಆಗ ನಮ್ಮನ್ನಾಳುತ್ತಿದ್ದ ಬ್ರಿಟಿಷ್ ಸರಕಾರವು, ಯುದ್ಧಕಾಲದಲ್ಲಿ ಇದು ಅವಶ್ಯವಲ್ಲವೆಂದು ಹೇಳಿ ಬೆಂಬಲವನ್ನು ಕೊಡಲಿಲ್ಲ. ಒಂದೇ ಯುದ್ಧದಲ್ಲಿ, ಒಂದೇ ಸಾಮ್ರಾಜ್ಯದಲ್ಲಿ, ಕವೆಂಟ್ರಿಯವನಿಗೆ ನಾಳೆಯ ಕನಸನ್ನು ಕಾಣುವ ಸ್ವಾತಂತ್ರ್ಯವಿತ್ತು; ಸೊಲ್ಲಾಪುರದವನಿಗೆ ಸಿದ್ಧವಾದ ಯೋಜನೆಯನ್ನು ನಡೆಸುವ ಸ್ವಾತಂತ್ರ್ಯವಿರಲಿಲ್ಲ.

ಆದರೂ ಆ ಪ್ರವಾಸವು ನಿಷ್ಫಲವಾಗಲಿಲ್ಲ. ದಾರಿಯಲ್ಲಿ ವಿಮಾನಗಳ ವ್ಯವಹಾರದ ಅಮೇರಿಕನನೊಬ್ಬನ ಪರಿಚಯವಾಗಿ, ಅದರಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಹುಟ್ಟಿಕೊಂಡಿತು. ಮೋಟಾರನ್ನು ತರಲು ಹೋದವರು ವಿಮಾನವನ್ನು ತಂದರು! ಮೋಟಾರಿನ ಯೋಜನೆಯನ್ನೂ ವಾಲಚಂದರು ಬಿಡಲಿಲ್ಲ. ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಮುಂಬಯಿಯ ಕುರ್ಲಾದಲ್ಲಿ ಅದರ ಕಾರ್ಖಾನೆಯು ಎದ್ದಿತು. ೧೯೪೭ರಲ್ಲಿ, ಸ್ವಾತಂತ್ರ್ಯ ಬಂದ ವರ್ಷದಲ್ಲಿಯೇ, ಅಲ್ಲಿಂದ ಗಾಡಿಗಳು ಹೊರಬಂದವು. ವಾಲಚಂದರು ೧೯೫೩ರಲ್ಲಿ ತೀರಿಕೊಂಡರು.

ಮೊದಮೊದಲು ಪರದೇಶದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸುವುದಷ್ಟೇ ಕೆಲಸವಾಗಿತ್ತು. ೧೯೫೩ರ ಹೊತ್ತಿಗೆ ಭಾರತ ಸರಕಾರವು ಒಂದು ಧೋರಣೆಯನ್ನು ಗೊತ್ತುಪಡಿಸಿತು: ಭಾಗಗಳನ್ನು ಕ್ರಮೇಣ ಇಲ್ಲಿಯೇ ತಯಾರಿಸಲು ಒಪ್ಪಿದವರು ಮಾತ್ರ ಉಳಿಯತಕ್ಕದ್ದು. ಬರಿಯ ಜೋಡಣೆ ನಡೆಸುತ್ತಿದ್ದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕಂಪನಿಗಳು ಇಲ್ಲಿಯ ಕೆಲಸವನ್ನು ನಿಲ್ಲಿಸಿ ಹೋದವು. ಪ್ರೀಮಿಯರ್ ಕಂಪನಿಯು ಇಟಲಿಯ ಫಿಯಟ್ ಕಂಪನಿಯ ೧೧೦೦ ಎಂಬ ಸಣ್ಣ ಗಾಡಿಯನ್ನು ಆರಿಸಿಕೊಂಡು ಅದರ ಭಾಗಗಳನ್ನು ಒಂದೊಂದಾಗಿ ಇಲ್ಲಿಯೇ ಮಾಡತೊಡಗಿತು. ೧೯೬೪ರಲ್ಲಿ ಆ ಗಾಡಿಯ ಹೊಸ ರೂಪವು ‘ಡಿಲೈಟ್’ ಎಂಬ ಹೆಸರಿನಿಂದ ಬಂದಿತು. ಫಿಯಟ್ಟಿನೊಡನೆ ಮಾಡಿಕೊಂಡ ಕರಾರು ಮುಗಿಯಲು ೧೯೭೨ರಲ್ಲಿ ‘ಪ್ರೀಮಿಯರ್ ಪ್ರೆಸಿಡೆಂಟ್’ ಎಂದೂ, ೧೯೭೪ರಲ್ಲಿ ರಾಜಪೂತ ರಾಣಿಯ ಹೆಸರಿನಿಂದ ‘ಪ್ರೀಮಿಯರ್ ಪದ್ಮಿನಿ’ ಎಂದೂ ಅದಕ್ಕೆ ಹೆಸರಾಯಿತು. ಇ-ಟೈಪು ಕಣ್ಮರೆಯಾದ ವರ್ಷವೇ ಪದ್ಮಿನಿಯ ನಾಮಕರಣವಾದುದು ಒಂದು ಯೋಗಾಯೋಗ.

ಪದ್ಮಿನಿಯ ಇಂಜಿನು ೧೦೮೯ ಘನ ಸೆಂಟಿಮೀಟರಿನದು. ಬಲವು ಸುಮಾರು ೪೦ ಅಶ್ವಶಕ್ತಿ. ಇ-ಟೈಪಿನ ಬಲದ ಆರನೆಯ ಒಂದು ಪಾಲಿಗಿಂತಲೂ ಕಡಮೆ. ಆದರೆ ಅದು ಬಡ ದೇಶದ ದಾರಿಗಳಿಗೆ ಒಗ್ಗಿಕೊಂಡ ಗಾಡಿ. ಕೆಟ್ಟು ನಿಂತರೆ ಸಾಧಾರಣ ಮೇಸ್ತ್ರಿಯು ನಾಲ್ಕಾರು ಪಾನೆಗಳಿಂದ ದಾರಿಯ ಮಗ್ಗುಲಲ್ಲಿಯೇ ದುರಸ್ತಿ ಮಾಡಬಲ್ಲವನಾಗಿದ್ದನು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯೆಂದರೆ ಪದ್ಮಿನಿಯೇ ಎನ್ನುವಂತಾಯಿತು. ೨೦೦೦ದ ಸುಮಾರಿಗೆ ಅದರ ನಿರ್ಮಾಣವು ನಿಂತಿತು. ೨೦೨೩ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಮುಂಬಯಿಯ ಬೀದಿಗಳಿಂದ ನಿವೃತ್ತಿ ಹೊಂದಿತು.

ಇಲ್ಲಿ ಪಕ್ಷಪಾತವಿಲ್ಲದೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಇ-ಟೈಪು ಹದಿಮೂರು ವರ್ಷಗಳಲ್ಲಿ ಹಲವು ಬಾರಿ ತಿದ್ದುಪಡಿ ಹೊಂದಿತು. ನಮ್ಮ ಗಾಡಿಯು ೧೯೬೪ರಿಂದ ಮೂವತ್ತಾರು ವರ್ಷಗಳ ಕಾಲ ಹೆಚ್ಚು ಕಡಿಮೆ ಒಂದೇ ರೂಪದಲ್ಲಿ ಉಳಿದುದೇಕೆ? ನಮ್ಮ ಕೆಲಸಗಾರರ ಕೈಯಲ್ಲಿ ಕಸುವಿರಲಿಲ್ಲವೆಂದಲ್ಲ. ಪರದೇಶದ ಹಣವು ವಿರಳವಾಗಿದ್ದುದರಿಂದ ಸರಕಾರವು ಆಮದನ್ನು ತಡೆದಿತ್ತು. ಎಷ್ಟು ಗಾಡಿಗಳನ್ನು ಮಾಡಬೇಕೆಂಬುದಕ್ಕೂ ಪರವಾನಿಗೆ ಬೇಕಾಗಿತ್ತು. ಕೊಳ್ಳುವವರು ಹಣವನ್ನು ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಗಿರಾಕಿಯು ಬಾಗಿಲಲ್ಲಿ ಕಾದು ನಿಂತಿರುವಾಗ ವ್ಯಾಪಾರಿಯು ಮಾಲನ್ನು ಸುಧಾರಿಸುವ ಗೊಡವೆಗೆ ಹೋಗುವುದು ಅಪರೂಪ. ಎಳೆಯ ಸಸಿಗೆ ಬೇಲಿ ಬೇಕು. ಆದರೆ ಗಿಡವು ಬೆಳೆದ ಮೇಲೂ ಬೇಲಿಯನ್ನು ತೆಗೆಯದಿದ್ದರೆ ಅದು ಅಲ್ಲಿಯೇ ಮುರುಟುತ್ತದೆ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಗಾಡಿಯು ಬಂದ ಮೇಲೆ ಹಳೆಯ ಗಾಡಿಗಳು ಹಿಂದೆ ಬೀಳತೊಡಗಿದವು.

ಅತ್ತ ಜಾಗ್ವಾರ್ ಕಂಪನಿಯ ಕಥೆಯೂ ಸುಖಮಯವಾಗಿರಲಿಲ್ಲ. ೧೯೬೬ರಲ್ಲಿ ಅದು ಬೇರೊಂದು ಕಂಪನಿಯೊಡನೆ ಸೇರಿತು. ೧೯೬೮ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ದೊಡ್ಡ ಸಂಸ್ಥೆಯಲ್ಲಿ ಒಂದಾಯಿತು. ೧೯೭೫ರಲ್ಲಿ ಆ ಸಂಸ್ಥೆಯೇ ಸರಕಾರದ ಕೈಸೇರಿತು. ಆ ದಿನಗಳಲ್ಲಿ ಜಾಗ್ವಾರಿನ ಕೆಲಸದ ಅಚ್ಚುಕಟ್ಟು ಕೆಟ್ಟಿತೆಂಬ ಅಪವಾದವೂ ಬಂದಿತು. ೧೯೮೪ರಲ್ಲಿ ಮತ್ತೆ ಸ್ವತಂತ್ರವಾಗಿ, ೧೯೮೯ರಲ್ಲಿ ಅಮೇರಿಕೆಯ ಫೋರ್ಡ್ ಕಂಪನಿಗೆ ಮಾರಾಟವಾಯಿತು. ಹೆಸರು ದೊಡ್ಡದಾದ ಮಾತ್ರಕ್ಕೆ ಉದ್ಯೋಗವು ಉಳಿಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಕೊನೆಗೆ ೨೦೦೮ರ ಜೂನ್ ತಿಂಗಳಲ್ಲಿ ಜಾಗ್ವಾರನ್ನೂ ಲ್ಯಾಂಡ್ ರೋವರನ್ನೂ ಸುಮಾರು ೨೩೦ ಕೋಟಿ ಡಾಲರುಗಳಿಗೆ ಕೊಂಡುಕೊಂಡವರು ಯಾರು? ಭಾರತದ ಟಾಟಾ ಮೋಟರ್ಸ್ ಕಂಪನಿಯವರು. ಯಾವ ದೇಶದವರಿಗೆ ಒಂದು ಮೋಟಾರು ಕಾರ್ಖಾನೆಯನ್ನು ಕಟ್ಟಲು ಬ್ರಿಟಿಷ್ ಸರಕಾರವು ನೆರವಾಗಲಿಲ್ಲವೋ, ಆ ದೇಶದವರೇ ಬ್ರಿಟನ್ನಿನ ಹೆಸರುವಾಸಿಯಾದ ಮೋಟಾರು ಕಂಪನಿಗೆ ಒಡೆಯರಾದರು.

ಈ ಮಾತನ್ನು ಕೇಳಿ ನಮಗೆ ಹೆಮ್ಮೆಯಾಗುವುದು ಸಹಜ. ಆದರೆ ಹೆಮ್ಮೆಯಷ್ಟೇ ಸಾಲದು. ಒಂದು ವಸ್ತುವನ್ನು ಕೊಳ್ಳುವುದು ಬೇರೆ, ಅದನ್ನು ಮಾಡಬಲ್ಲವರಾಗುವುದು ಬೇರೆ. ಕೊಳ್ಳಲು ಹಣವು ಸಾಕು. ಮಾಡಲು ವಿದ್ಯೆ ಬೇಕು. ಮಾಡಿದುದನ್ನು ವರ್ಷವರ್ಷವೂ ತಿದ್ದುವ ಮನಸ್ಸು ಬೇಕು. ತಪ್ಪನ್ನು ತೋರಿಸಿದವರ ಮಾತಿಗೆ ಕಿವಿಗೊಡುವ ತಾಳ್ಮೆ ಬೇಕು. ಇವೆರಡು ಮೋಟಾರುಗಳ ಚರಿತ್ರೆಯ ಸಾರವಿದೇ.

ಇದು ನಮ್ಮಂತಹ ಮಳೆ ಕಡಮೆಯಾದ ಸೀಮೆಯವರಿಗೆ ದೂರದ ಮಾತಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ತಯಾರಿಸಿ, ೧೯೧೦ರಲ್ಲಿ ನಮ್ಮ ಸಾಂಗಲಿ ಜಿಲ್ಲೆಯ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಸಾಂಗಲಿಯಲ್ಲಿ ೧೯೪೭ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿಗೆ ೧೯೫೫ರಲ್ಲಿ ವಾಲಚಂದರ ಹೆಸರನ್ನೇ ಇಟ್ಟರು. ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಆ ಬಾಗಿಲು ಮುಚ್ಚಿಲ್ಲ. ಗಣಿತವನ್ನೂ ವಿಜ್ಞಾನವನ್ನೂ ತಮ್ಮ ತಾಯ್ನುಡಿಯಲ್ಲಿ ಚೆನ್ನಾಗಿ ಅರಿತವನಿಗೆ ಬೇರೆ ಭಾಷೆಯಲ್ಲಿ ಅದನ್ನು ಮುಂದುವರಿಸುವುದು ಪ್ರಯಾಸದ ಕೆಲಸವಾಗಲಾರದು. ಪಾಲಕರಲ್ಲಿ ಒಂದು ವಿನಂತಿ: ಮಗನಾಗಲಿ ಮಗಳಾಗಲಿ ಮನೆಯಲ್ಲಿ ಕೆಟ್ಟ ಸೈಕಲ್ಲನ್ನೋ ನೀರಿನ ಪಂಪನ್ನೋ ಬಿಚ್ಚಿ ನೋಡುತ್ತಿದ್ದರೆ ಗದರಿಸಬೇಡಿರಿ, ಬಿಚ್ಚಿದುದನ್ನು ಮತ್ತೆ ಜೋಡಿಸಲು ಹಚ್ಚಿರಿ.

ವಿದ್ಯಾರ್ಥಿ ಮಿತ್ರರೇ, ಇನ್ನೊಮ್ಮೆ ಊರಿಗೆ ಮೋಟಾರು ಬಂದಾಗ ಅದರ ಬೆಲೆಯನ್ನು ಕೇಳಿ ಸುಮ್ಮನಾಗಬೇಡಿರಿ. ಚಾಲಕನನ್ನು ವಿನಯದಿಂದ ಕೇಳಿ ಅದರ ಮುಂಭಾಗದ ಮುಚ್ಚಳವನ್ನು ತೆರೆಯಿಸಿರಿ. ಯಾವ ಭಾಗದಿಂದ ಏನು ಕೆಲಸವಾಗುತ್ತದೆಂದು ವಿಚಾರಿಸಿರಿ. ಉತ್ತರವು ಸಿಗದಿದ್ದರೆ ಮರುದಿನ ಶಾಲೆಯಲ್ಲಿ ಗುರುಗಳನ್ನು ಕೇಳಿರಿ. ಕವೆಂಟ್ರಿಯ ಆ ನಾಲ್ವರು ಕತ್ತಲೆಯಲ್ಲಿ ಕಾವಲು ಕಾಯುತ್ತ ಮಾಡಿದುದೂ ಇದನ್ನೇ. ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಿದ್ದರು.